ಮಲಗಿದವರು ಎದ್ದು ನಿಲ್ಲುವುದು ಹಾಗೂ ಸೋಫಾದ ಭಾರದ ಕುರಿತು

ಸಂಖ್ಯೆ: ಕರಕ್/ಬೆನ್ನು/೭
ದಿನಾಂಕ: ಮಾನ್ಯ ನಿರ್ದೇಶಕರು ಹಾಸಿಗೆ ಹಿಡಿದ ನಂತರದ ಮೊದಲ ಭಾನುವಾರ

ವಿಷಯ: ಬೆನ್ನುಮೂಳೆಯ ಶಸ್ತ್ರಚಿಕಿತ್ಸೆಗೆ ಒಳಗಾಗುವ ನೌಕರರ ಪೂರ್ವಸಿದ್ಧತೆ, ಚೇತರಿಕೆ ಮತ್ತು ಅತಿಥಿ ಮರ್ಯಾದೆ.

ಉಲ್ಲೇಖ: ೧. ಇದೇ ಕಚೇರಿಯ ಸುತ್ತೋಲೆ ಕರಕ್/ಬೆನ್ನು/೬ (ಯಾರೂ ಪೂರ್ತಿ ಓದದೆ ಪಾಲಿಸಿದ್ದು).
೨. ಉಮ್ಮ್ ಹಾಝಿಮ್ ಅವರ ಮೌಖಿಕ ಆಕ್ಷೇಪಣೆ (ಬೀದಿಯ ತುದಿಯವರೆಗೆ ಕೇಳಿಸಿದ್ದು).

ಪ್ರಸ್ತಾವನೆ:

ಕಚೇರಿಯ ಲಿಫ್ಟು ಕೆಟ್ಟು ನಿಂತಿದ್ದ ಅವಧಿಯಲ್ಲಿ, ಜವಾನರು ರಜೆಯಲ್ಲಿದ್ದ ಪ್ರಯುಕ್ತ, ಹಿರಿಯ ಗುಮಾಸ್ತರಾದ ಶ್ರೀ ಮುತ್ಲಕ್ ಉರುಫ್ ಅಬೂ ಹಾಝಿಮ್ ಅವರು ಮಾನ್ಯ ನಿರ್ದೇಶಕ ಜದ್ಆನ್ ಬೇಗ್ ಅವರ ಅತಿಥಿ ಸೋಫಾವನ್ನು ಬೆನ್ನ ಮೇಲೆ ಹೊತ್ತು ಮೂರನೆಯ ಮಹಡಿಗೆ ಏರಿಸಿರುತ್ತಾರೆ. ಸೋಫಾ ಸುರಕ್ಷಿತವಾಗಿ ತಲುಪಿದೆ. ಬೆನ್ನು ತಲುಪಿರುವುದಿಲ್ಲ. ಸದರಿಯವರ ಬೆನ್ನುಮೂಳೆಯನ್ನು ತೆರೆದು ಸಲಾಕೆ ಮತ್ತು ತಿರುಪುಗಳಿಂದ ಬಿಗಿಯಬೇಕಾಗಿ ಬಂದಿರುವುದರಿಂದ, ಎಲ್ಲ ನೌಕರರ ಗಮನಕ್ಕೆ ಈ ಕೆಳಕಂಡಂತೆ ತರಲಾಗಿದೆ:

೧. ಮೂಳೆ ಕೂಡಿಕೊಳ್ಳಲು ಹೊಗೆ ಅಡ್ಡಿಯೆಂದು ವೈದ್ಯರು ತಿಳಿಸಿರುವುದರಿಂದ, ಶಸ್ತ್ರಚಿಕಿತ್ಸೆಗೆ ಹೋಗುವವರು ಮುಂಚಿತವಾಗಿಯೇ ಹುಕ್ಕಾ ಬಿಡತಕ್ಕದ್ದು. ಇದರಿಂದ ಕಚೇರಿಯಲ್ಲಿ ಉಂಟಾಗುವ ಹೊಗೆಯ ಕೊರತೆಯನ್ನು ಲೆಕ್ಕಪತ್ರ ವಿಭಾಗವು ಹೆಚ್ಚುವರಿಯಾಗಿ ಸೇದಿ ತುಂಬಿಕೊಡತಕ್ಕದ್ದು.

೨. ಮನೆಯಲ್ಲಿ ಕಾಲಿಗೆ ತೊಡರುವ ರತ್ನಗಂಬಳಿಗಳನ್ನು ಸುತ್ತಿಡತಕ್ಕದ್ದು. ನೆಲಹಾಸಿಗೆಯ ಬದಲು ಎತ್ತರದ ಮಂಚ ಹಾಕತಕ್ಕದ್ದು. ನಿತ್ಯ ಬೇಕಾಗುವ ವಸ್ತುಗಳನ್ನು ಬಾಗದೆ ಕೈಗೆಟುಕುವಂತೆ ಸೊಂಟದ ಎತ್ತರಕ್ಕೆ ತರತಕ್ಕದ್ದು. ಮೇಲಧಿಕಾರಿಗಳ ಭಾವಚಿತ್ರವಿದ್ದಲ್ಲಿ ಅದನ್ನೂ ಅದೇ ಎತ್ತರಕ್ಕೆ ಇಳಿಸತಕ್ಕದ್ದು; ಕತ್ತೆತ್ತಿ ಗೌರವಿಸಲು ವೈದ್ಯರ ಅನುಮತಿ ಇರುವುದಿಲ್ಲ.

೩. ಶಸ್ತ್ರಚಿಕಿತ್ಸೆಯ ನಂತರ ಮಗ್ಗುಲು ಬದಲಿಸುವವರು ಭುಜ ಮತ್ತು ಸೊಂಟವನ್ನು ಒಟ್ಟಿಗೆ, ಮರದ ದಿಮ್ಮಿಯಂತೆ ಹೊರಳಿಸತಕ್ಕದ್ದು. ಈ ಕಚೇರಿಯಲ್ಲಿ ದೀರ್ಘಕಾಲ ಸೇವೆ ಸಲ್ಲಿಸಿದವರಿಗೆ ದಿಮ್ಮಿಯಂತಿರುವ ಬಗ್ಗೆ ಪ್ರತ್ಯೇಕ ತರಬೇತಿ ಅಗತ್ಯವಿಲ್ಲವೆಂದು ಪರಿಗಣಿಸಲಾಗಿದೆ.

೪. ರೋಗಿಯನ್ನು ನೋಡಲು ಹೋಗುವವರು ಹಾಸಿಗೆಯ ಬಳಿ ಕುಳಿತು ಸತ್ತವರ ಸಮಾಚಾರ ಹೇಳಕೂಡದು. ಲೆಕ್ಕಪತ್ರ ವಿಭಾಗದ ಮುಖ್ಯಸ್ಥರಾದ ಶ್ರೀ ಹುವೈಮಿಲ್ ಅವರು ಮನ್ಸಫ್ ಎಂಬ ಮಾಂಸದನ್ನದ ತಟ್ಟೆಯ ಮುಂದೆ ಕುಳಿತು, "ನಮ್ ಚಿಕ್ಕಪ್ಪಂಗೂ ಇದೇ ಆಪರೇಷನ್ನು ಕಣಯ್ಯ ಅಬೂ ಹಾಝಿಮ್. ತುಂಬಾ ಚೆನ್ನಾಗಾಯ್ತು. ಪಾಪ, ಹೋಗ್ಬಿಟ್ರು," ಎಂದು ನುಡಿದಿದ್ದು, ಅದಕ್ಕೆ ರೋಗಿಯ ಪತ್ನಿ ಉಮ್ಮ್ ಹಾಝಿಮ್ ಅವರು, "ಅನ್ನ ಇನ್ನೂ ಇದೆ ಅಣ್ಣ, ಬಾಯಿ ಖಾಲಿ ಬಿಡ್ಬೇಡಿ," ಎಂದಿರುವುದು ವರದಿಯಾಗಿದೆ.

೫. ಸದರಿ ಶ್ರೀ ಹುವೈಮಿಲ್ ಅವರು ಮೊದಲು ಒಳಗೆ ಕಾಲಿಟ್ಟ ಕೂಡಲೇ, ಹಿರಿಯರು ಬಂದಾಗ ಮಲಗಿರುವುದು ಈ ಕರಕ್ ಪಟ್ಟಣದ ಗಂಡಸಿಗೆ ಹೇಳಿಸಿದ್ದಲ್ಲವೆಂದು ಶ್ರೀ ಮುತ್ಲಕ್ ಅವರು ಹಾಸಿಗೆಯಿಂದ ಎದ್ದು ನಿಂತಿರುತ್ತಾರೆ. ಉಲ್ಲೇಖ (೧)ರ ಸುತ್ತೋಲೆಯೂ "ಯಾವುದೇ ಸ್ಥಿತಿಯಲ್ಲಿದ್ದರೂ" ಎದ್ದು ನಿಲ್ಲುವಂತೆ ಆದೇಶಿಸಿತ್ತು. ಪರಿಣಾಮವಾಗಿ ತಿರುಪೊಂದು ಸಡಿಲಗೊಂಡು ಎರಡನೆಯ ಶಸ್ತ್ರಚಿಕಿತ್ಸೆ ನಡೆಸಲಾಯಿತು. ಶಸ್ತ್ರವೈದ್ಯೆ ಡಾ. ರಘದಾ ಅವರು, "ಇನ್ಮೇಲೆ ಮಂತ್ರಿನೇ ಬರ್ಲಿ, ಮಲ್ಗೇ ಇರಿ. ಇನ್ನೊಂದ್ಸಲ ಯಾರಿಗಾದ್ರೂ ಮರ್ಯಾದೆ ಕೊಡೋಕೆ ಹೋದ್ರೆ ಕಾಲಿನ ಆಸೆ ಬಿಟ್ಬಿಡಿ," ಎಂದು ಎಚ್ಚರಿಸಿರುತ್ತಾರೆ. ಈ ಹೇಳಿಕೆಯು ನಿರ್ದಿಷ್ಟ ನಮೂನೆಯಲ್ಲಿ ಇಲ್ಲದ ಕಾರಣ ಕಚೇರಿಯು ಅದನ್ನು ಗಮನಿಸಿರಲಿಲ್ಲ.

೬. ತದನಂತರ ಮಾನ್ಯ ನಿರ್ದೇಶಕರ ಮುಖಂಡತ್ವದಲ್ಲಿ ಹಿರಿಯರ ನಿಯೋಗವೊಂದು ಶ್ರೀ ಮುತ್ಲಕ್ ಅವರ ಮನೆಗೆ ತೆರಳಿತು. ಬೇಡಿಕೆ ಹೊತ್ತು ಬಂದ ಹಿರಿಯರು ಒಪ್ಪಿಗೆ ಸಿಗುವವರೆಗೆ ಕಾಫಿ ಬಟ್ಟಲನ್ನು ಮುಟ್ಟದಿರುವುದು, ಮನೆಯವನು ಎದ್ದುನಿಂತು "ಕುಡೀರಿ, ನೀವು ಕೇಳಿದ್ದು ಕೊಟ್ಟೆ" ಎನ್ನುವುದು ನಮ್ಮಲ್ಲಿ ನಡೆದುಬಂದ ಪದ್ಧತಿ. ಬೇಡಿಕೆ ಇಷ್ಟೇ: ಸೋಫಾ ಹಗುರವಾಗಿತ್ತು, ಬೆನ್ನು ಮೊದಲೇ ಕೆಟ್ಟಿತ್ತು ಎಂದು ವೈದ್ಯಕೀಯ ಮಂಡಳಿಯ ಮುಂದೆ ಹೇಳತಕ್ಕದ್ದು. ಹಾಗೆ ಹೇಳಿದಲ್ಲಿ ಪೆಟ್ಟು ಕೆಲಸದಲ್ಲಿ ಆದದ್ದಲ್ಲವೆಂದು ಪರಿಗಣಿಸಿ, ನಡೆಯಲಾಗದ ನೌಕರನನ್ನು ಗೌರವಪೂರ್ವಕವಾಗಿ ಕೆಲಸದಿಂದ ಬಿಡಿಸಲು ಕಚೇರಿಗೆ ಅನುಕೂಲವಾಗುತ್ತಿತ್ತು.

ಬಟ್ಟಲುಗಳು ಮೇಜಿನ ಮೇಲೆ ಆರುತ್ತಿದ್ದಾಗ್ಯೂ ಶ್ರೀ ಮುತ್ಲಕ್ ಅವರು ಏಳಲಿಲ್ಲ. ಅವರ ಕೈ ಮಂಚದ ಅಂಚನ್ನು ಹಿಡಿದಿದ್ದನ್ನು, ಪತ್ನಿಯ ಕೈ ಅವರ ಎದೆಯ ಮೇಲಿದ್ದುದನ್ನು ನಿಯೋಗವು ದಾಖಲಿಸಿಕೊಂಡಿದೆ. "ಕುಡೀದಿದ್ರೆ ಬಿಡಿ ಬೇಗ್, ಬೆಕ್ಕಿಗೆ ಹಾಕ್ತೀನಿ," ಎಂದು ಉಮ್ಮ್ ಹಾಝಿಮ್ ಅವರೂ, "ಹಗುರ ಅಂತೀರಲ್ಲ ಬೇಗ್, ಹಂಗಿದ್ರೆ ನೀವೇ ಕೆಳಗಿಳಿಸಿ ತೋರ್ಸಿ. ನಾನು ಮಲ್ಕೊಂಡೇ ನೋಡ್ತೀನಿ," ಎಂದು ಶ್ರೀ ಮುತ್ಲಕ್ ಅವರೂ ನುಡಿದರು. ಮಲಗಿದ್ದುಕೊಂಡೇ ಅತಿಥಿಗಳನ್ನು ಬೀಳ್ಕೊಟ್ಟ ಈ ಕೃತ್ಯಕ್ಕೆ ಕಾರಣ ಕೇಳಿ ನೋಟೀಸು ಸಿದ್ಧಪಡಿಸಲಾಗಿತ್ತು.

೭. ಸೋಫಾದ ಹಗುರತನವನ್ನು ಸರ್ಕಾರಿ ರೀತ್ಯಾ ಸಾಬೀತುಪಡಿಸಲು ಸಮಿತಿ ರಚಿಸಲಾಯಿತು. ಸಮಿತಿಯ ಸದಸ್ಯರೆಲ್ಲರೂ ಹಗುರತನದ ಬಗ್ಗೆ ಸರ್ವಾನುಮತದಿಂದ ಸಹಿ ಮಾಡಿ, ಎತ್ತುವ ಹೊತ್ತಿಗೆ ನಮಾಜಿಗೆ ತೆರಳಿದ್ದರಿಂದ, ಮಾನ್ಯ ನಿರ್ದೇಶಕರು ಶ್ರೀ ಹುವೈಮಿಲ್ ಅವರೊಡನೆ ಖುದ್ದಾಗಿ ಅದನ್ನು ಎತ್ತಿ ಕೆಳಗಿಳಿಸತೊಡಗಿರುತ್ತಾರೆ. ಮೆಟ್ಟಿಲಿನ ತಿರುವಿನಲ್ಲಿ ಶ್ರೀ ಹುವೈಮಿಲ್ ಅವರು ಹುಕ್ಕಾ ಸೇದಿದ ಕೆಮ್ಮಿಗಾಗಿ ಕೈ ಬಿಟ್ಟಿದ್ದು, ಹಗುರವಾದ ಸೋಫಾವು ಸಂಪೂರ್ಣವಾಗಿ ಮಾನ್ಯ ನಿರ್ದೇಶಕರ ಪಾಲಿಗೆ ಬಂದಿರುತ್ತದೆ.

೮. ಮಾನ್ಯ ನಿರ್ದೇಶಕರಿಗೂ ಅದೇ ವೈದ್ಯೆ, ಅದೇ ಸಲಾಕೆ, ಅದೇ ಎಚ್ಚರಿಕೆ ದೊರೆತಿವೆ. ಅವರು ಮನೆಗೆ ಮರಳಿದ ಮೇಲೆ, ರೋಗಿಯನ್ನು ಕಂಡು ಬರುವ ಕರ್ತವ್ಯದ ಮೇರೆಗೆ ಶ್ರೀ ಮುತ್ಲಕ್ ಅವರು ಊರುಗೋಲು ಹಿಡಿದು, ಸ್ವಂತ ಕಾಲಿನ ಮೇಲೆ ನಡೆದು ಬಂದರು. ಮಾನ್ಯ ನಿರ್ದೇಶಕರು ಏಳಲು ಯತ್ನಿಸಿದಾಗ, "ಮಲ್ಕೊಳ್ಳಿ ಬೇಗ್, ಮಲ್ಕೊಳ್ಳಿ. ತಿರುಪು ಬಿಚ್ಕೊಳತ್ತೆ," ಎಂದು ಭುಜ ಒತ್ತಿ ಮಲಗಿಸಿರುತ್ತಾರೆ. ನೆಟ್ಟಗಿನ ಬೆನ್ನಿನ ಕುರ್ಚಿ ಕೇಳಿ ಕುಳಿತು, ತಂದ ಕಾಫಿಯನ್ನು ಸ್ವೀಕರಿಸಿ, ಕುಡಿಯದೆ ಮೇಜಿನ ಮೇಲಿಟ್ಟಿರುತ್ತಾರೆ. ಬಟ್ಟಲು ಅಲ್ಲಿಯೇ ಆರಿರುತ್ತದೆ.

೯. ಮೇಲ್ಕಂಡ ಸನ್ನಿವೇಶದಲ್ಲಿ, ಉಲ್ಲೇಖ (೧)ರ ಸುತ್ತೋಲೆಯನ್ನು ಪೂರ್ವಾನ್ವಯವಾಗಿ ರದ್ದುಗೊಳಿಸಲಾಗಿದೆ. ಬೆನ್ನುಮೂಳೆಯ ಶಸ್ತ್ರಚಿಕಿತ್ಸೆಯಾದವರು ಯಾರಿಗಾಗಿಯೂ ಏಳತಕ್ಕದ್ದಲ್ಲ. ಕಾರಣ ಕೇಳುವ ನೋಟೀಸನ್ನು ಹಿಂಪಡೆಯಲಾಗಿದೆ. ಶ್ರೀ ಮುತ್ಲಕ್ ಅವರಿಗೆ ಆದ ಪೆಟ್ಟು ಕೆಲಸದಲ್ಲಿ ಆದ ಪೆಟ್ಟೆಂದು ಮಂಡಳಿಗೆ ಬರೆಯಲಾಗಿದ್ದು, ಅವರ ಮೇಜನ್ನು ನೆಲಮಹಡಿಗೆ ಇಳಿಸತಕ್ಕದ್ದು (ಲಿಫ್ಟು ದುರಸ್ತಿಯಾದ ಮೇಲೆ).

೧೦. ಸೋಫಾ ಭಾರವಾಗಿತ್ತೆಂದು ಈ ಮೂಲಕ ಒಪ್ಪಿಕೊಳ್ಳಲಾಗಿದೆ. ಶ್ರೀ ಮುತ್ಲಕ್ ಅವರು ಕಾಫಿ ಕುಡಿಯಬಹುದು.

ಸಹಿ/-
ನಿರ್ದೇಶಕರು
(ಮಲಗಿದಲ್ಲಿಂದಲೇ)

ಪ್ರತಿಗಳು:
೧. ವೈದ್ಯಕೀಯ ಮಂಡಳಿಗೆ, ದಾಖಲೆಗಾಗಿ.
೨. ಡಾ. ರಘದಾ ಅವರಿಗೆ, ನಿರ್ದಿಷ್ಟ ನಮೂನೆಯನ್ನು ಲಗತ್ತಿಸಿ.
೩. ಲೆಕ್ಕಪತ್ರ ವಿಭಾಗದ ಮುಖ್ಯಸ್ಥರಿಗೆ, ಕೆಮ್ಮಿಗೆ ಸಮಜಾಯಿಷಿ ಕೋರಿ.
೪. ಉಮ್ಮ್ ಹಾಝಿಮ್ ಅವರಿಗೆ, ಧ್ವನಿ ತಗ್ಗಿಸುವ ವಿನಂತಿಯೊಂದಿಗೆ.
೫. ಸೋಫಾ, ಎರಡು ಮತ್ತು ಮೂರನೆಯ ಮಹಡಿಗಳ ನಡುವಿನ ಮೆಟ್ಟಿಲು: ಇರುವಲ್ಲಿಯೇ ಇರತಕ್ಕದ್ದು.
೬. ಶ್ರೀ ಮುತ್ಲಕ್ ಅವರಿಗೆ, ಹೊಸದಾಗಿ ಬಿಸಿ ಮಾಡಿದ ಬಟ್ಟಲಿನೊಂದಿಗೆ.