ದರ್ಜಿಯ ಗೋಡೆಯ ಮೇಲೆ ನನ್ನ ಬೆನ್ನು

ಹೊಟ್ಟೆಕಿಚ್ಚು ಓದುಬರಹವಿಲ್ಲದವರಿಗೆ ಬರುವ ಕಾಯಿಲೆಯೆಂದು ನಾನು ಬಹಳ ದಿನ ನಂಬಿದ್ದೆ. ನಮ್ಮ ವಂಶದಲ್ಲಿ ಬಿ.ಎ. ಪಾಸಾದವನು ನಾನೊಬ್ಬನೇ. ಎಕಂಬಾ ಎಂಬ ಹಳ್ಳಿಯಿಂದ ಬರಿಗಾಲಲ್ಲಿ ಹೊರಟು ಹೈದರಾಬಾದಿನಲ್ಲಿ ಓದಿ ಬಂದವನು. ಅಂಥ ನನಗೆ ಮೂರನೆಯ ತರಗತಿಯನ್ನೂ ಮುಗಿಸದ ದರ್ಜಿಯೊಬ್ಬ ಹೊಟ್ಟೆ ಉರಿಸಿದನೆಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆದರೂ ನಾನೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ನನ್ನ ಹೆಂಡತಿ ಹೇಳುತ್ತಾಳೆ, ಅದೂ ವಿಸ್ತಾರವಾಗಿ.

ನಿಜಾಮನ ಆಳ್ವಿಕೆ ಮುಗಿಸಿದ ಪೊಲೀಸ್ ಆಕ್ಷನ್ ಆದ ಮರುವರ್ಷ. ಭಾಲ್ಕಿಯ ತಹಸೀಲ್ ಕಚೇರಿಯಲ್ಲಿ ನಾನು ಗುಮಾಸ್ತ. ಅಲ್ಲಿಯವರೆಗೆ ಮೊಣಕಾಲು ಮುಟ್ಟುವ ಶೇರವಾನಿ ತೊಟ್ಟು ಗತ್ತಿನಿಂದ ಓಡಾಡುತ್ತಿದ್ದವರೆಲ್ಲ ಈಗ ಒಬ್ಬೊಬ್ಬರಾಗಿ ಅದರ ಕೆಳಭಾಗ ಕತ್ತರಿಸಿ ಕೋಟು ಮಾಡಿಸುತ್ತಿದ್ದರು. ರಾಜ್ಯ ಬದಲಾಗಿತ್ತು, ಬಟ್ಟೆ ಅದೇ ಇತ್ತು. ಈ ಕತ್ತರಿ ಕೆಲಸಕ್ಕೆ ಎಲ್ಲರೂ ಹೋಗುತ್ತಿದ್ದದ್ದು ದರ್ಜಿ ಮಾಣಿಕಪ್ಪನ ಹತ್ತಿರ. ಅವನಿಗೊಂದು ಹುಚ್ಚು. ಅಳತೆ ಕೊಟ್ಟ ಗಿರಾಕಿ ಅತ್ತ ಹೋದೊಡನೆ, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದಲೇ ಅಂಗಡಿಯ ಕಪ್ಪು ಗೋಡೆಯ ಮೇಲೆ ಅವನ ಆಕಾರ ಬರೆಯುವುದು. ಅದೂ ಬೆನ್ನ ಕಡೆಯಿಂದ, ತಲೆಯಿಲ್ಲದೆ. ಕೇಳಿದರೆ, "ತಲಿ ನನ್ನ ಅಳತ್ಯಾಗ ಬರಂಗಿಲ್ರಿ" ಎನ್ನುತ್ತಿದ್ದ. ಯಾರೂ ಕಲಿಸಿದ ವಿದ್ಯೆಯಲ್ಲ. ಆದರೂ ಭಾಲ್ಕಿಯ ಜನ ಬಂದು ನಿಂತು, "ಇದು ಪೇಶ್ಕಾರರ ಸೊಂಟ ನೋಡ್ರಿ! ಇದು ನೀರು ತರೋ ಹುಸೇನ್ ಭಾಯಿ ಕುತ್ತಿಗಿ!" ಎಂದು ಗುರುತು ಹಿಡಿದು ನಗುತ್ತಿದ್ದರು.

ನಾನೂ ಹೋಗಿ ನೋಡಿದೆ. ಮೂಲೆಯಿಂದ ಮೂಲೆಗೆ ಎರಡು ಸಲ ನೋಡಿದೆ. ನಾನಿರಲಿಲ್ಲ. ಕೆಲಸ ಸಿಕ್ಕಾಗ ನನ್ನ ಶೇರವಾನಿ ಹೊಲಿದವನು ಇವನೇ. ತೊಗಲಿನ ಚೀಲ ಹೊರುವ ಹುಸೇನ್ ಭಾಯಿಗೆ ಅರ್ಧ ಗೋಡೆ, ಪದವೀಧರನಿಗೆ ಒಂದು ಗೇಣೂ ಇಲ್ಲ! ಮನೆಗೆ ಬಂದು, ಅವನ ಚಿತ್ರಗಳಲ್ಲಿ ಪ್ರಮಾಣಬದ್ಧತೆ ಇಲ್ಲವೆಂದೂ, ಹೈದರಾಬಾದಿನಲ್ಲಿ ನಾನು ನೋಡಿದ ಚಿತ್ರಗಳೇ ಬೇರೆಯೆಂದೂ ಭಾಷಣ ಮಾಡಿದೆ. ಹೆಂಡತಿ ಮಹಾದೇವಿ ರೊಟ್ಟಿ ಬಡಿಯುತ್ತಲೇ, "ನಿಮ್ಮನ್ನ ಬರದಿಲ್ಲಂತ ಸಿಟ್ಟೇನ್ರಿ?" ಎಂದಳು. ಅಂದು ನಾನು ಎರಡೇ ರೊಟ್ಟಿಗೆ ಎದ್ದೆ.

ಆಮೇಲೆ ಒಂದೇ ವಾರದಲ್ಲಿ ನಾಲ್ಕು ಸಲ ಗುಂಡಿ ಹಚ್ಚಿಸುವ ನೆಪದಲ್ಲಿ ಅಂಗಡಿಗೆ ಹೋದೆ. ಅವನಿಗೆ ಅನುಕೂಲವಾಗಲೆಂದು ಬೆನ್ನು ಮಾಡಿ ನಿಂತೆ. ಅವನು ಗುಂಡಿ ಹಚ್ಚಿ ಕೊಟ್ಟ, ಅಷ್ಟೇ. ಕೊನೆಗೆ ಶೇರವಾನಿಯನ್ನೇ ಕಳಚಿ ಅವನ ಮುಂದೆ ಹಾಕಿ, "ಕೋಟ್ ಮಾಡು. ಅಲ್ಲಾ ಮಾಣಿಕಪ್ಪ, ಊರಾಗಿನ ಎಲ್ಲಾರ ಬೆನ್ನು ಕಾಣ್ತದ, ನಂದ್ಯಾಕ ಕಾಣಲಿಲ್ಲ?" ಎಂದು ಕೇಳಿಯೇಬಿಟ್ಟೆ.

"ಕಂಡದರಿ ಸಾಹೇಬ್ರ. ಬರದ್ರ ನಿಮಗ ಬ್ಯಾಸರ ಆಗ್ತದಂತ ಬಿಟ್ಟೀನಿ." ಅವನು ಶೇರವಾನಿಯ ಬಲಭುಜದ ಅಸ್ತರು ಬಿಚ್ಚಿದ. ಒಳಗಿನಿಂದ ಮುಷ್ಟಿಯಷ್ಟು ಅರಳೆ ಹೊರಬಂತು. "ನಿಮ್ಮ ಬಲಗಡಿ ಭುಜ ಎರಡು ಬಟ್ಟು ಕೆಳಗ ಅದರಿ. ಚೀಲ ಹೊತ್ತ ಭುಜ. ಕಚೇರ್ಯಾಗ ಯಾರಿಗೂ ಗೊತ್ತಾಗಬಾರದಂತ ಇದನ್ನ ತುಂಬಿದ್ದೆ."

ರಜೆ ಬಂದಾಗಲೆಲ್ಲ ನಾನು ಬೀದರಿನ ಅಡತಿ ಅಂಗಡಿಯಲ್ಲಿ ಅಪ್ಪನ ಜೊತೆ ತೊಗರಿ ಚೀಲ ಹೊತ್ತವನು. ಅಪ್ಪ ಹಮಾಲಿ ಮಾಡಿಯೇ ನನ್ನನ್ನು ಓದಿಸಿದ್ದು. ಕಚೇರಿಯಲ್ಲಿ ಮಾತ್ರ ನಾನು "ತಂದೆಯವರು ತೊಗರಿ ವ್ಯವಹಾರದಲ್ಲಿದ್ದಾರೆ" ಎಂದಿದ್ದೆ. ಸುಳ್ಳೇನಲ್ಲ.

"ಬರೀಲೋ, ಬ್ಯಾಡೋ?" ಎಂದ ಮಾಣಿಕಪ್ಪ. ಬರೆದರೆ ಕಚೇರಿಗೆಲ್ಲ ತಿಳಿಯುತ್ತದೆ. ಗೋಡೆಯತ್ತ ನೋಡಿದೆ. ಹುಸೇನ್ ಭಾಯಿಯ ಬಾಗಿದ ಕುತ್ತಿಗೆ ಅಲ್ಲಿ ರಾಜನಂತೆ ಮೆರೆಯುತ್ತಿತ್ತು. ನಾಚಿಕೆಗಿಂತ ಹೊಟ್ಟೆಕಿಚ್ಚು ದೊಡ್ಡದಾಯಿತು. "ಬರಿ. ಹುಸೇನ್ ಭಾಯಿಗಿಂತ ಸಣ್ಣದಾಗಬಾರದು ನೋಡು" ಎಂದೆ.

ಮರುದಿನ ನಮ್ಮ ಕಚೇರಿಯ ಪೇಶ್ಕಾರರು ಗೋಡೆಯ ಮುಂದೆ ನಿಂತು, "ಇಂವ ಯಾವ ಹಮಾಲನೋ ಮಾಣಿಕಪ್ಪ? ಭುಜ ಏನು ಛಂದ ಬಂದದ!" ಎಂದರು. ಬೇರೆ ಯಾರಾದರೂ ಅದನ್ನು ತಮ್ಮದೆಂದುಬಿಟ್ಟಾರೆಂಬ ಭಯದಲ್ಲಿ ನಾನು ಮುಂದೆ ನುಗ್ಗಿ, "ನಾನ್ರಿ, ನಾನು! ನಮ್ಮಪ್ಪಂದೂ ಹಿಂಗೇ ಅದ!" ಎಂದು ಕೂಗಿದೆ.

ಹೊಸ ಕೋಟಿಗೆ ಅರಳೆ ಹಾಕಿಸಲಿಲ್ಲ. ಇಷ್ಟಕ್ಕೆ ನಾನು ಸುಧಾರಿಸಿದೆನೆಂದು ತಿಳಿಯಬೇಡಿ. ಆ ಅಂಗಡಿಯ ಮುಂದೆ ಹಾಯುವಾಗ ಬಲಭುಜವನ್ನು ಇನ್ನೂ ಎರಡು ಬಟ್ಟು ಕೆಳಗಿಳಿಸಿ ನಡೆಯುವುದು ರೂಢಿಯಾಗಿದೆ. ನೋಡಿದವರಿಗೆ ಚಿತ್ರ ಯಾರದೆಂದು ಅನುಮಾನ ಬರಬಾರದಲ್ಲ.