ವಧುವನ್ನು ತಂಗಿಯಾಗಿಸಿದ ಹುಡುಕಾಟದ ಕುರಿತು

ಇಂದ:
ಎಲ್ದಿಯಾರ್, ಕಂಪ್ಯೂಟರ್ ಕೆಲಸದವನು, ಸದ್ಯಕ್ಕೆ ವರನಲ್ಲ,
ಕೊಚ್ಕೊರ್, ಕಿರ್ಗಿಸ್ತಾನ.

ಗೆ:
ಮಾನ್ಯ ಮಂಬೆತ್ ಅವರು,
ಅಧ್ಯಕ್ಷರು, ಊರ ಹಿರಿಯರ ಕೂಟ.

ಮಾನ್ಯರೇ,

ವಿಷಯ: ನನಗೆ ನಿಶ್ಚಯವಾಗಿದ್ದ ಬುರುಲ್ಚಾಳ ಕಿವಿಯಿಂದ ಬಿಚ್ಚಿಸಿದ ಓಲೆಗಳನ್ನು ಮರಳಿ ತೊಡಿಸುವ ಬಗ್ಗೆ.
ಉಲ್ಲೇಖ: ಚಹಾ ಕುಡಿಯುತ್ತಾ ತಾವು ನೀಡಿದ ಮೌಖಿಕ ಆದೇಶ.

1. ಏಳು ತಲೆಮಾರಿನೊಳಗೆ ಗಂಡು ಹೆಣ್ಣಿಗೆ ಒಬ್ಬನೇ ಪೂರ್ವಜ ಸಿಕ್ಕರೆ ನಮ್ಮಲ್ಲಿ ಮದುವೆಯಿಲ್ಲ. ಕಾರಣ, ಊರಿನ ವಂಶಾವಳಿಗಳನ್ನೆಲ್ಲ ಕಂಪ್ಯೂಟರಿಗೆ ತುಂಬಿ, ಎರಡು ಮನೆಗಳಲ್ಲಿ ಒಂದೇ ಹೆಸರಿದೆಯೇ ಎಂದು ಹುಡುಕುವ ಪ್ರೋಗ್ರಾಮ್ ಬರೆಯಲು ತಾವು ನನಗೆ ಹೇಳಿದಿರಿ.

2. ಅಕ್ಷರಕ್ಕೆ ಅಕ್ಷರ ಹೊಂದಿದರೆ ಮಾತ್ರ ಹಿಡಿಯುವಂತೆ ಬರೆದಿದ್ದೆ. ತಾವು, "ಹಳೇ ಮುದುಕರು ಹೆಸರನ್ನ ಹೆಂಗೆಂಗೋ ಬರೆಸಿರ್ತಾರೆ ಕಣೋ. ಸ್ವಲ್ಪ ಸಡಿಲ ಬಿಡು, ಒಬ್ಬನೂ ತಪ್ಪಿಸ್ಕೋಬಾರ್ದು" ಎಂದಿರಿ. ಆದ್ದರಿಂದ ಹೆಸರಿನ ಮುಂಭಾಗ ಏನೇ ಇರಲಿ, ಬಾಲ ಹೊಂದಿದರೆ ಸಾಕು ಎಂದು ಬದಲಿಸಿದೆ. ನಮ್ಮ ಕಡೆ ಕಲ್ಲೆಸೆದರೆ ಹೆಸರಿನ ಬಾಲದಲ್ಲಿ 'ಬೆಕ್' ಇರುವ ಯಾವನಾದರೊಬ್ಬನ ಮೇಲೆಯೇ ಬೀಳುತ್ತದೆ ಎಂಬುದನ್ನು ಇಬ್ಬರೂ ಮರೆತೆವು.

3. ಕಾರಣ, ನನ್ನ ಪೂರ್ವಜ ತಿಲೆಬೆಕ್, ಬುರುಲ್ಚಾಳ ಪೂರ್ವಜ ಜಾನಿಬೆಕ್ ಇಬ್ಬರೂ ಒಬ್ಬರೇ ಎಂದಾಯಿತು. ಒಬ್ಬ ಕುರಿ ಸಾಕಿದವನು, ಇನ್ನೊಬ್ಬ ಆ ಕುರಿಗಳನ್ನೇ ಕದ್ದವನು. ಆದರೂ ನಿಶ್ಚಿತಾರ್ಥದಂದು ನನ್ನ ತಾಯಿ ತೊಡಿಸಿದ್ದ ಓಲೆಗಳನ್ನು ಆಕೆಯ ತಂದೆ ವಾಪಸು ಕಳಿಸಿದರು.

4. ಈಗ ಬುರುಲ್ಚಾ ಫೋನ್ ಮಾಡಿ, "ಏನಣ್ಣಾ, ಊಟ ಆಯ್ತಾ? ನಂಗೊಂದು ಗಂಡು ನೋಡಣ್ಣಾ, ಊರಲ್ಲಿರೋರೆಲ್ಲಾ ಅಣ್ಣಂದಿರೇ ಆಗ್ಬಿಟ್ರು" ಎಂದು ನಗುತ್ತಾಳೆ. ಆಮೇಲೆ, "ಕಿವಿ ತೂತು ಮುಚ್ಕೊಳ್ತಾ ಬಂತು" ಎನ್ನುತ್ತಾಳೆ. ನಗುವನ್ನು ಸಹಿಸಬಲ್ಲೆ, ಆ ಮಾತನ್ನು ಸಹಿಸಲಾರೆ.

5. ಬಿಗಿ ಮಾಡಿ ಮತ್ತೆ ಹುಡುಕಿದೆ. ನಮ್ಮಿಬ್ಬರಿಗೂ ಸೇರಿದ ಪೂರ್ವಜ ಯಾರೂ ಸಿಗಲಿಲ್ಲ. ತಾವು ಮಾತ್ರ, "ಯಂತ್ರ ಒಂದ್ಸಲ ಹೇಳಿದ್ಮೇಲೆ ಮುಗೀತು" ಎಂದು ಟೋಪಿ ಸರಿಮಾಡಿಕೊಂಡಿರಿ. ಆದ್ದರಿಂದ ಅದೇ ಸಡಿಲ ಹುಡುಕಾಟವನ್ನು ತಮ್ಮ ಮನೆಯ ವಂಶಾವಳಿಯಲ್ಲೂ ನಡೆಸಬೇಕಾಯಿತು. ತಾವೂ ತಮ್ಮ ಮಡದಿ ಗುಲ್ಸುನ್ ಅಮ್ಮನವರೂ ಅಣ್ಣ-ತಂಗಿ ಎಂದು ತಿಳಿಸಲು ವಿಷಾದಿಸುತ್ತೇನೆ. ಅಮ್ಮನವರಿಗೂ ತಿಳಿಸಿದ್ದೇನೆ. ಅವರು, "ಹೌದಾ! ಹಂಗಾದ್ರೆ ಹಾಸಿಗೆ ಹೊರಗಿನ ಕೋಣೇಲಿ ಹಾಕ್ತೀನಿ. ತಂಗಿ ಮನೇಲಿ ಅಣ್ಣ ಎಷ್ಟು ದಿನ ಇರ್ತಾನಂತೆ, ಕೇಳು" ಎಂದರು.

ಕಾರಣ, ಬಿಗಿ ಹುಡುಕಾಟದ ಫಲವೇ ಅಂತಿಮವೆಂದು ಸಾರಿ, ತಾವೇ ಸ್ವತಃ ಓಲೆಗಳನ್ನು ಬುರುಲ್ಚಾಳ ಮನೆಗೆ ಒಯ್ಯಬೇಕೆಂದು ಪ್ರಾರ್ಥನೆ. ಹೊರಗಿನ ಕೋಣೆಯ ಕಿಟಕಿಗೆ ಗಾಜಿಲ್ಲ ಎಂಬುದನ್ನೂ ತಮ್ಮ ಅವಗಾಹನೆಗೆ ತರುತ್ತೇನೆ.

ತಮ್ಮ ವಿಶ್ವಾಸಿ,
ಎಲ್ದಿಯಾರ್

ಲಗತ್ತುಗಳು:
ಓಲೆ, ಒಂದು ಜೊತೆ.
ಕಂಬಳಿ, ಒಂದು (ಗುಲ್ಸುನ್ ಅಮ್ಮನವರು ಕೊಟ್ಟಿದ್ದು).
ಸೂಚನೆ: ಎರಡರಲ್ಲಿ ಒಂದು ಮಾತ್ರ ತಮಗೆ ಬೇಕಾಗುತ್ತದೆ. ಉಳಿದದ್ದನ್ನು ದಯವಿಟ್ಟು ಹಿಂದಿರುಗಿಸುವುದು.