ಭಾವಮೈದುನನ ಸಂಕಲನದ ಮೊದಲ ಪುಟ

ಇನ್ನು ಮುಂದೆ ನಾನು ಸತ್ಯವನ್ನೇ ಬರೆಯುತ್ತೇನೆ! ಕವಿಗಳು ಅಳಲಿ, ಪ್ರಕಾಶಕರು ಎದೆ ಬಡಿದುಕೊಳ್ಳಲಿ, ನನ್ನ ಲೇಖನಿ ಯಾರಿಗೂ ತಲೆ ಬಾಗುವುದಿಲ್ಲ! ಹೀಗೆಂದು ಒಂದು ಬೆಳಿಗ್ಗೆ ಬಚ್ಚಲುಮನೆಯ ಕನ್ನಡಿಯ ಮುಂದೆ, ಅರ್ಧ ಗಡ್ಡ ಹೆರೆದ ಮುಖದಲ್ಲಿ ನಿಂತು ಭೀಷ್ಮಪ್ರತಿಜ್ಞೆ ಮಾಡಿದೆ.

ನನ್ನ ಸಿಟ್ಟಿಗೆ ಕಾರಣವಿತ್ತು. ನಾನು ವಾರಪತ್ರಿಕೆಯೊಂದಕ್ಕೆ ಹೊಸ ಕವನ ಸಂಕಲನಗಳ ವಿಮರ್ಶೆ ಬರೆಯುವವನು. ಈಗ ಕವಿತೆ ಓದುವವರಿಗಿಂತ ಬರೆಯುವವರೇ ಹೆಚ್ಚು. ಬರೆದದ್ದೆಲ್ಲ ಅಚ್ಚಾಗುತ್ತದೆ, ಅಚ್ಚಾದದ್ದೆಲ್ಲ ನನ್ನ ಮನೆಗೆ ಬರುತ್ತದೆ. ಫ್ರಿಜ್ಜಿನ ಮೇಲೆ ಸಂಕಲನ, ಚಪ್ಪಲಿ ಗೂಡಿನಲ್ಲಿ ಸಂಕಲನ, ಇಸ್ತ್ರಿಗೆ ಇಟ್ಟ ಬಟ್ಟೆಯ ನಡುವೆಯೂ ಸಂಕಲನ! ಕೆಳಗಿನ ಮನೆಯ ವಕೀಲರಂತೂ ಲಿಫ್ಟಿನ ಬಾಗಿಲು ಮುಚ್ಚುವುದನ್ನೇ ಕಾದಿದ್ದು ಕೋಟಿನ ಜೇಬಿನಿಂದ ಪುಸ್ತಕ ಹೊರತೆಗೆಯುತ್ತಾರೆ. ಓಡುವುದಾದರೂ ಎಲ್ಲಿಗೆ? ಆಮೇಲೆ ಫೋನು ಶುರು.

"ಓದಿದ್ರಾ ಸಾರ್?"

"ಓದ್ತಾ ಇದೀನಿ."

"ಹೇಗಿದೆ ಸಾರ್?"

"ತುಂಬಾ ಕಾಡುತ್ತೆ."

ಕಾಡುತ್ತಿದ್ದವನು ಕವಿ! ಆದರೂ ಇಷ್ಟು ವರ್ಷ ಎಲ್ಲರನ್ನೂ ಹೊಗಳಿಕೊಂಡೇ ಬಂದಿದ್ದೆ. ಮುನ್ನುಡಿಯಿಂದ ಎರಡು ವಾಕ್ಯ, ಬೆನ್ನುಡಿಯಿಂದ ಒಂದು, ಮೇಲಿಷ್ಟು 'ಭರವಸೆಯ ಕವಿ' ಎಂಬ ಒಗ್ಗರಣೆ, ಅಂಕಣ ಸಿದ್ಧ. ಈ ಸುಲಭದ ಅಡುಗೆಗೆ ಸಂಪಾದಕರೇ ಕಲ್ಲು ಹಾಕಿದರು. "ನಿಮ್ಮ ಅಂಕಣದಲ್ಲಿ ಕವಿ ಹೆಸರೊಂದು ಬದಲಾಯಿಸಿದ್ರೆ ಯಾವ ವಾರಕ್ಕೆ ಬೇಕಾದ್ರೂ ಆಗುತ್ತಲ್ರೀ! ಮುಂದಿನ ಸಲ ಖಾರ ಇಲ್ದಿದ್ರೆ ಅಂಕಣ ನಿಲ್ಲಿಸ್ತೀನಿ" ಎಂದು ಫೋನು ಕುಕ್ಕಿದರು. ನನ್ನ ಮೈಯೆಲ್ಲ ಉರಿದುಹೋಯಿತು. ಖಾರ ಬೇಕೇ? ಕಣ್ಣಲ್ಲಿ ನೀರು ಬರಿಸುತ್ತೇನೆ!

ಗಡ್ಡ ಮುಗಿಸಿ ಹೊರಗೆ ಬಂದರೆ ಹೆಂಡತಿ ಒಂದು ಪುಸ್ತಕ ಹಿಡಿದು ನಗುತ್ತಾ ನಿಂತಿದ್ದಳು.

"ರೀ, ನನ್ನ ತಮ್ಮನ ಕವನ ಸಂಕಲನ ಬಂತು!"

ಅವಳ ತಮ್ಮ ಹಲ್ಲಿನ ಡಾಕ್ಟರು. ಅವನಿಗೂ ಕವಿತೆ! ಊರವರ ಬಾಯಿ ತೆರೆಸಿ, ಹತ್ತಿ ತುರುಕಿ, ಮಾತಾಡದಂತೆ ಕೂರಿಸುವ ಅಧಿಕಾರ ಇದ್ದವನು ಅವನೊಬ್ಬನೇ. ಆ ಕುರ್ಚಿಯಲ್ಲಿ ಸಿಕ್ಕವರಿಗೆ ಓದಿ ಹೇಳಿ ತೃಪ್ತಿಪಡಬಾರದಿತ್ತೇ? ನನ್ನ ಸಿಟ್ಟು ನೆತ್ತಿಗೇರಿತು.

"ಈ ವಾರ ಅವನದ್ದೇ ಬರೀರಿ. ಪಾಪ, ಮೊದಲನೇ ಪುಸ್ತಕ."

"ಬರೀತೀನಿ. ಆದ್ರೆ ಸತ್ಯ ಬರೀತೀನಿ!"

"ಸರಿ, ಪೂರ್ತಿ ಓದಿ ಬರೀರಿ."

"ಅನ್ನ ಬೆಂದಿದೆಯಾ ನೋಡೋಕೆ ಒಂದು ಅಗುಳು ಸಾಕು ಕಣೇ!"

"ಮೊದಲನೇ ಪುಟಾನಾದ್ರೂ ನೋಡಿ. ನಿಮಗೆ ಖುಷಿ ಆಗುತ್ತೆ" ಎಂದು ಏನೋ ಗುಟ್ಟು ಇಟ್ಟುಕೊಂಡವಳಂತೆ ಒಳಗೆ ಹೋದಳು.

ಮೊದಲ ಪುಟ ತೆರೆದೆ. ಖಾಲಿ ಹಾಳೆಯ ನಟ್ಟನಡುವೆ ನಾಲ್ಕು ಸಾಲು ರಾರಾಜಿಸುತ್ತಿದ್ದವು:

ನಿನ್ನ ಕಣ್ಣು ದೀಪವಾದರೆ ನಾನು ಎಣ್ಣೆ,
ನಿನ್ನ ಮಾತು ಹಾಲಾದರೆ ನಾನು ಬೆಣ್ಣೆ;
ನೀನು ಹೂಂ ಎಂದರೆ ಏರುವೆ ಬೆಟ್ಟ,
ಊಹೂಂ ಎಂದರೆ ಏರುವೆ ಚಟ್ಟ!

ಅಯ್ಯೋ! ಇಷ್ಟು ಸಾಲದೇ? ಮುಂದಕ್ಕೆ ಒಂದು ಹಾಳೆಯನ್ನೂ ಮಗುಚಲಿಲ್ಲ. ಕುದಿಯುತ್ತಲೇ ಕುಳಿತು ಇಡೀ ಅಂಕಣವನ್ನು ಆ ನಾಲ್ಕು ಸಾಲಿನ ಮೇಲೆಯೇ ಬರೆದು ಬಿಸಾಕಿದೆ. 'ಈ ಕವಿ ಬೆಟ್ಟ ಏರಿದರೆ ಬೆಟ್ಟಕ್ಕೆ ನಷ್ಟ, ಚಟ್ಟ ಏರಿದರೆ ಸಾಹಿತ್ಯಕ್ಕೆ ಲಾಭ' ಎಂದೆ. ಅಷ್ಟಕ್ಕೂ ಕೈ ನಿಲ್ಲಲಿಲ್ಲ. 'ಇದನ್ನು ಕೇಳಿಯೂ ಹೂಂ ಎಂದ ಹೆಣ್ಣು ಈ ಭೂಮಿಯ ಮೇಲೆ ಇದ್ದರೆ ಆಕೆಗೆ ಕಿವಿ ಮಂದವಿರಬೇಕು. ಕಿವಿ ಸರಿಯಿದ್ದರೆ ಆಕೆಯ ಅಭಿರುಚಿಗೆ ನನ್ನ ಸಂತಾಪ' ಎಂದು ಮುಗಿಸಿದೆ. ಸಂಪಾದಕರು ಫೋನಿನಲ್ಲೇ ಕುಣಿದರು. ನಾನು ಭಾನುವಾರಕ್ಕೆ ಕಾದೆ.

ಭಾನುವಾರ ಬಂತು. ಹೆಂಡತಿ ಅಡುಗೆಮನೆಯಲ್ಲಿ ನಿಂತೇ ಪತ್ರಿಕೆ ಓದುತ್ತಿದ್ದಳು. ಒಲೆಯ ಮೇಲೆ ಹಾಲು ಉಕ್ಕಿ ಹರಿಯಿತು, ಅವಳು ತಿರುಗಿ ನೋಡಲಿಲ್ಲ. ಅಪಾಯ ನನಗೆ ಆಗಲೇ ತಿಳಿಯಬೇಕಿತ್ತು.

"ಯಾರಿಗ್ರೀ ಕಿವಿ ಮಂದ?"

"ಆ ಕವಿತೆಯ ನಾಯಕಿಗೆ. ನಿನಗ್ಯಾಕೆ ಕೋಪ? ತಮ್ಮ ಅಂತ ಸತ್ಯ ಮುಚ್ಚಿಡೋಕಾಗುತ್ತಾ?"

ಅವಳು ಪುಸ್ತಕ ತಂದು ನನ್ನೆದುರು ಬಡಿದಳು. "ಹಾಳೆ ಮಗುಚಿ!"

ಮಗುಚಿದೆ. ಹಿಂಬದಿಯಲ್ಲಿ ಹೀಗಿತ್ತು: 'ಹಿಂದಿನ ಪುಟದ ಸಾಲುಗಳು ನನ್ನ ಭಾವ ಮದುವೆಗೆ ಮುಂಚೆ ನನ್ನ ಅಕ್ಕನಿಗೆ ಬರೆದುಕೊಟ್ಟದ್ದು. ಕವಿತೆ ಎಂದರೇನೆಂದು ನನಗೆ ತೋರಿಸಿದ್ದೇ ಅವು. ಈ ಸಂಕಲನ ಅವರಿಗೇ ಅರ್ಪಣೆ.'

ಒಂದು ಸಂಜೆಯ ಬಸ್ ನಿಲ್ದಾಣ, ಒಂದು ಮಡಿಸಿದ ಚೀಟಿ, ಅದನ್ನು ಅವಳ ಕೈಗೆ ತುರುಕಿ ಹಿಂತಿರುಗಿ ನೋಡದೆ ಓಡಿದ ಒಬ್ಬ ಪೆದ್ದ, ಎಲ್ಲವೂ ನೆನಪಾಯಿತು.

"ಆ ಸಾಲು ಅವನಿಗೆ ಹೇಳಿಕೊಟ್ಟಿದ್ದೇ ನಾನು. ನಿಮಗೆ ಖುಷಿ ಆಗ್ಲಿ ಅಂತ! ನಾಳೆ ಆಫೀಸಿನಲ್ಲಿ ಎಲ್ರೂ ನನ್ನ ಅಭಿರುಚಿಗೆ ಸಂತಾಪ ಸೂಚಿಸೋಕೆ ಬರ್ತಾರೆ!"

ನಾನು ಚಪ್ಪಲಿ ಮೆಟ್ಟಿ ಭಾವಮೈದುನನ ಕ್ಲಿನಿಕ್ಕಿಗೆ ಓಡಿದೆ. ಅವನು ರಜೆಯ ದಿನವೂ ಯಾರದೋ ದವಡೆಯೊಳಗೆ ಯಂತ್ರ ತಿರುಗಿಸುತ್ತಿದ್ದ. ನನ್ನನ್ನು ನೋಡಿದ್ದೇ ಮುಖದ ಮಾಸ್ಕು ಇಳಿಸಿ, ಕೈಗವಸಿನಲ್ಲೇ ಕೈ ಮುಗಿದ.

"ಭಾವ, ಓದಿದೆ! ಸ್ವಂತ ಕವಿತೇನೇ ಹೀಗೆ ಹರಿದು ಹಾಕೋ ಧೈರ್ಯ ಯಾರಿಗಿದೆ? ನನ್ನ ಒಂದು ಸಾಲೂ ಮುಟ್ಟದೆ ನಿಮ್ಮನ್ನೇ ಬಲಿ ಕೊಟ್ಕೊಂಡ್ರಲ್ಲ!"

ಮುಳುಗುವವನಿಗೆ ಹುಲ್ಲುಕಡ್ಡಿ ಸಿಕ್ಕಿತು. "ಮತ್ತೇನಪ್ಪಾ, ಆತ್ಮವಿಮರ್ಶೆ ಅಂದ್ರೆ ಅದೇ" ಎಂದು ಗಂಭೀರವಾಗಿ ಹೇಳಿದೆ. ಬಾಯಿ ತುಂಬ ಹತ್ತಿ ಇಟ್ಟುಕೊಂಡಿದ್ದ ರೋಗಿ ಏನೋ ಹೇಳಲು ಒದ್ದಾಡಿದ. ಭಾವಮೈದುನ ಯಂತ್ರ ಶುರು ಮಾಡಿದ.

ಎದೆಯುಬ್ಬಿಸಿ ಮನೆಗೆ ಬಂದೆ. "ನೋಡೇ, ಅದು ಆತ್ಮವಿಮರ್ಶೆ! ನಿನ್ನ ತಮ್ಮನಿಗೆ ಅರ್ಥ ಆಯ್ತು, ನಿನಗಾಗ್ಲಿಲ್ಲ!"

"ಓಹೋ! ಅಂದ್ರೆ ನಂಗೆ ಬರೆದುಕೊಟ್ಟಿದ್ದು ಅಂತ ನೆನಪಿದ್ದೂ ನಂಗೆ ಕಿವಿ ಮಂದ ಅಂತ ಬರೆದ್ರಾ?"

"ಇಲ್ಲ ಇಲ್ಲ, ನೆನಪಿರ್ಲಿಲ್ಲ!"

"ನೆನಪೇ ಇರ್ಲಿಲ್ವಾ?"

ಅತ್ತ ದರಿ, ಇತ್ತ ಪುಲಿ! ಯಾವ ಕಡೆ ಬಿದ್ದರೂ ಸಾವೇ. ಮೂಲೆಗೆ ಸಿಕ್ಕ ಗಂಡಸಿಗೆ ಉಳಿಯುವುದು ಕೂಗಾಟವೊಂದೇ. ಕೂಗಿದೆ.

"ಹೌದು, ಮರೆತೆ! ಕೆಟ್ಟ ಕವಿತೆ ಕಣೇ ಅದು, ಮರೆಯದೆ ಏನು ಮಾಡ್ಲಿ? ನಂಗೆ ಆವತ್ತೂ ಬರೆಯೋಕೆ ಬರ್ತಿರ್ಲಿಲ್ಲ, ಇವತ್ತೂ ಬರಲ್ಲ. ಬರದೆ ಇರೋ ಹೊಟ್ಟೆಕಿಚ್ಚಿಗೇ ಬರೆಯೋರನ್ನೆಲ್ಲ ಕಂಡು ಒಳಗೊಳಗೇ ಉರೀತೀನಿ. ಸಾಕಾ?"

ಹೇಳಿದ ಮೇಲೆ ನನಗೇ ಗಾಬರಿಯಾಯಿತು. ಅವಳು ಒಲೆಯ ಮೇಲೆ ಒಣಗಿ ಅಂಟಿದ್ದ ಹಾಲನ್ನು ಒರೆಸುತ್ತಿದ್ದವಳು ಬಟ್ಟೆ ಕೆಳಗಿಟ್ಟಳು.

"ಕೆಟ್ಟ ಕವಿತೆ ಅಂತ ನಂಗೆ ಆವತ್ತು ಬಸ್ ಬರೋದ್ರೊಳಗೇ ಗೊತ್ತಾಗಿತ್ತು."

"ಮತ್ತೆ ಹೂಂ ಅಂದಿದ್ಯಾಕೆ? ಈಗ ಈ ಕೋಪ ಯಾಕೆ?"

"ಕೊಟ್ಟು ಓಡಿದ್ರಲ್ಲ, ಆ ಓಟ ನೋಡಿ ಹೂಂ ಅಂದೆ. ಕವಿತೆ ನೋಡಿ ಅಲ್ಲ. ಇಷ್ಟು ವರ್ಷ ಅದನ್ನ ಒಬ್ಬರ ಹತ್ರಾನೂ ಕೆಟ್ಟದು ಅನ್ನದೆ ಕಾಪಾಡ್ಕೊಂಡು ಬಂದಿದೀನಿ. ಅದು ನಂಗೆ ಬಂದ ಕವಿತೆ. ಬೈದ್ರೆ ನಾನು ಬೈಬೇಕು. ನನ್ನ ಕೇಳದೆ ಅದನ್ನ ಬೈಯೋಕೆ ನೀವ್ಯಾರ್ರೀ?"

ಅದರ ಕವಿ ನಾನೇ ಎನ್ನಲು ಬಾಯಿ ತೆರೆದೆ. ಹಾಗೆಂದು ಒಪ್ಪಿಕೊಳ್ಳಲು ವಿಪರೀತ ನಾಚಿಕೆಯಾಗಿ ಮುಚ್ಚಿಕೊಂಡೆ.